ಟ್ಯಾಗ್ ಹಾಕಿದ ಕರಡಿ, ಬೇಟೆ, ಬೆಳೆ ಕಾಯುವ ಕೋವಿ: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಜೋಯಿಡಾ, ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯವರಿಗೆ ಕರಡಿ ಹೊಸದಲ್ಲ. ಕಾರವಾರದಿಂದ ಕದ್ರಾ ದಾಟಿ ಅಣಶಿ ಘಟ್ಟ ಹತ್ತುವವರಿಗೂ ಅದರ ಗುರುತಿದೆ. ಆದರೆ ಕೊರಳಲ್ಲಿ ಪಟ್ಟಿ, ಕಿವಿಯಲ್ಲಿ ಟ್ಯಾಗ್ ಇರುವ ಪ್ರಾಣಿ ಕಂಡರೆ ಜನ ಗೊಂದಲಕ್ಕೆ ಬೀಳುತ್ತಾರೆ. ಅದನ್ನು ಮುಟ್ಟಬಹುದಾ, ಓಡಿಸಬಹುದಾ, ಮೈಮೇಲೆ ಬಂದರೆ ಈಡು ಹೊಡೆಯಬಹುದಾ ಎಂದೆಲ್ಲ ಕೇಳುತ್ತಾರೆ. ಮೊದಲೇ ಒಂದು ಮಾತು. ಟ್ಯಾಗ್ ಇದ್ದರೂ ಇಲ್ಲದಿದ್ದರೂ ಕಾನೂನಿನ ಮುಂದೆ ಎಲ್ಲ ಕರಡಿಗಳೂ ಒಂದೇ. ಟ್ಯಾಗ್ ಇದ್ದರೆ ನಿಮಗೆ ಬೀಳುವ ಹೆಚ್ಚಿನ ಕೆಲಸ ಒಂದೇ: ಬೇಗ ಸುದ್ದಿ ಮುಟ್ಟಿಸುವುದು.

ಕೊರಳಲ್ಲಿ ಪಟ್ಟಿ ಇರುವ ಕರಡಿ ಕಂಡೆ. ಯಾರೋ ಸಾಕಿದ್ದಾ?

ಅಲ್ಲ. ಕರಡಿ ಸಾಕಲು ಯಾರಿಗೂ ಅನುಮತಿ ಇಲ್ಲ. ಹಿಂದೆ ಊರೂರಿಗೆ ಕರಡಿ ಕುಣಿಸುತ್ತ ಬರುತ್ತಿದ್ದರು, ಹಿರಿಯರಿಗೆ ನೆನಪಿರುತ್ತದೆ. ಆ ಪದ್ಧತಿ ನಿಂತಿದೆ. ಹಾಗೆ ಬಿಡಿಸಿ ತಂದ ಕರಡಿಗಳನ್ನು ಬನ್ನೇರುಘಟ್ಟದಂಥ ರಕ್ಷಣಾ ಕೇಂದ್ರಗಳಲ್ಲಿ ಇಟ್ಟು ನೋಡಿಕೊಂಡರು.

ಕಾಡಿನ ಪ್ರಾಣಿಯ ಕೊರಳಲ್ಲಿ ಪಟ್ಟಿ ಇದೆ ಎಂದರೆ ಅದನ್ನು ಯಾರೋ ಅಧಿಕೃತವಾಗಿ ಹಿಡಿದು, ಅರಿವಳಿಕೆ ಕೊಟ್ಟು, ರೇಡಿಯೋ ಕಾಲರ್ ಹಾಕಿ ಬಿಟ್ಟಿದ್ದಾರೆ ಎಂದು ಅರ್ಥ. ಅದು ಎಲ್ಲಿ ತಿರುಗುತ್ತದೆ, ಎಲ್ಲಿ ಮಲಗುತ್ತದೆ ಎಂದು ತಿಳಿಯಲು ಹೀಗೆ ಮಾಡುತ್ತಾರೆ. ಮಧ್ಯಪ್ರದೇಶದ ಪನ್ನಾದಲ್ಲಿ, ನೇಪಾಳದ ಚಿತ್ವನ್‌ನಲ್ಲಿ ನಮ್ಮದೇ ಜಾತಿಯ ಕರಡಿಗಳನ್ನು ಹೀಗೆ ಅಧ್ಯಯನ ಮಾಡಿದ್ದಾರೆ. ಇದನ್ನು ಬೇಕೆಂದವರೆಲ್ಲ ಮಾಡುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 12ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ (ರಾಜ್ಯದ ವನ್ಯಜೀವಿ ವಿಭಾಗದ ಹಿರಿಯ ಅಧಿಕಾರಿ) ಪರವಾನಗಿ ಬೇಕು. ಕರಡಿಯಂಥ ಪ್ರಾಣಿಗೆ ಕೇಂದ್ರ ಸರ್ಕಾರದ ಒಪ್ಪಿಗೆಯೂ ಬೇಕು.

ಕರಡಿಗೆ ಕಾಲರ್ ಹಾಕುವುದು ಸುಲಭದ ಕೆಲಸವಲ್ಲ. ಅದರ ಕುತ್ತಿಗೆ ದಪ್ಪ, ತಲೆ ಅದಕ್ಕಿಂತ ಬಹಳ ದೊಡ್ಡದೇನಲ್ಲ. ಸಡಿಲ ಹಾಕಿದರೆ ಜಾರಿ ಬೀಳುತ್ತದೆ, ಬಿಗಿ ಹಾಕಿದರೆ ಪ್ರಾಣಿ ಬೆಳೆದ ಹಾಗೆ ಕುತ್ತಿಗೆ ಕೊರೆಯುತ್ತದೆ. ಇನ್ನು ಗುರುತಿಗೆಂದು ಹಾಕುವ ಮೈಕ್ರೋಚಿಪ್ ಅಕ್ಕಿಕಾಳಿನಷ್ಟು ಚಿಕ್ಕದು, ಚರ್ಮದ ಒಳಗಿರುತ್ತದೆ. ಹೊರಗಿನಿಂದ ಕಾಣುವುದೇ ಇಲ್ಲ. ಹಾಗಾಗಿ ಟ್ಯಾಗ್ ಕಾಣಲಿಲ್ಲ ಎಂದ ಮಾತ್ರಕ್ಕೆ ಆ ಪ್ರಾಣಿಯ ಲೆಕ್ಕ ಯಾರ ಹತ್ತಿರವೂ ಇಲ್ಲ ಎಂದುಕೊಳ್ಳಬೇಡಿ.

ಕಾಲರ್ ಇದೆ ಎಂದರೆ ಮನುಷ್ಯರಿಗೆ ಹೊಂದಿಕೊಂಡ ಕರಡಿ ಎಂದೂ ಅಲ್ಲ, ಕೆಟ್ಟ ಕರಡಿ ಎಂದೂ ಅಲ್ಲ.

ಮುಸ್ಸಂಜೆ ಬೆಟ್ಟದಲ್ಲಿ ಕಪ್ಪು ಪ್ರಾಣಿ ಕಂಡಿತು. ಕಿವಿಯಲ್ಲಿ ಹಳದಿ ಟ್ಯಾಗ್ ಇತ್ತು. ಕರಡಿಯೇ ಇರಬಹುದಾ?

ಹೆಚ್ಚಾಗಿ ಅದು ಯಾರದ್ದೋ ಎಮ್ಮೆ. ಪಶುಸಂಗೋಪನೆ ಇಲಾಖೆ ದನ ಎಮ್ಮೆಗಳ ಕಿವಿಗೆ 12 ಅಂಕಿಯ ಹಳದಿ ಟ್ಯಾಗ್ ಹಾಕುತ್ತದೆ, ನಿಮ್ಮ ಕೊಟ್ಟಿಗೆಯಲ್ಲೂ ಇರಬಹುದು. ಮೇಯಲು ಬಿಟ್ಟ ಎಮ್ಮೆ ಕತ್ತಲಾದರೂ ಮನೆಗೆ ಬರದೆ ಬೆಟ್ಟದಲ್ಲೇ ಉಳಿಯುವುದು ನಮ್ಮಲ್ಲಿ ಮಾಮೂಲು.

ಇದನ್ನು ಹೇಳಲು ಕಾರಣವಿದೆ. ಅರೆಬೆಳಕಿನಲ್ಲಿ ಅಲುಗಾಡಿದ್ದನ್ನೆಲ್ಲ ಹಂದಿ ಎಂದು ತಿಳಿದು ಈಡು ಹೊಡೆದು, ದರಕು (ಒಣಗಿದ ಎಲೆ) ತರಲು ಹೋದ ಮನುಷ್ಯನಿಗೇ ಗುಂಡು ತಾಗಿದ ಪ್ರಕರಣಗಳು ಮಲೆನಾಡಿನಲ್ಲಿ ನಡೆದಿವೆ. ಏನೆಂದು ಖಾತ್ರಿ ಆಗದ ಆಕೃತಿಯ ಕಡೆಗೆ ಕೋವಿಯ ಬಾಯಿ ತಿರುಗಲೇಬಾರದು.

ಟ್ಯಾಗ್ ಅಥವಾ ಕಾಲರ್ ಇರುವ ಕರಡಿ ನಿಜವಾಗಿ ಕಂಡರೆ ಯಾರಿಗೆ ಹೇಳಬೇಕು?

ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ನಿಮ್ಮ ಗಾರ್ಡ್ ಅಥವಾ ಫಾರೆಸ್ಟರ್ ನಂಬರ್ ಇದ್ದರೆ ಇನ್ನೂ ಒಳ್ಳೆಯದು, ಅವರು ಬೇಗ ಬರುತ್ತಾರೆ. ಅವರ ನಂಬರನ್ನು ಬೇಕಾದಾಗ ಹುಡುಕುವುದಕ್ಕಿಂತ ಇವತ್ತೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ಹೊತ್ತು, ಜಾಗ, ಯಾವ ದಿಕ್ಕಿಗೆ ಹೋಯಿತು, ಜೊತೆಗೆ ಮರಿ ಇತ್ತಾ, ಕುಂಟುತ್ತಿತ್ತಾ, ಕುತ್ತಿಗೆಯ ಹತ್ತಿರ ಗಾಯ ಅಥವಾ ಊತ ಇತ್ತಾ, ಇಷ್ಟು ಹೇಳಿದರೆ ಸಾಕು. ಕೊನೆಯದನ್ನು ಮರೆಯಬೇಡಿ. ಕಾಲರ್ ಚುಚ್ಚಿ ಹುಣ್ಣಾದ ಪ್ರಾಣಿ ಸಂಕಟದಲ್ಲಿರುತ್ತದೆ, ಅದಕ್ಕೆ ಬೇಗ ಚಿಕಿತ್ಸೆ ಸಿಗಬೇಕು. ಟ್ಯಾಗಿನ ಬಣ್ಣ, ಯಾವ ಕಿವಿ ಎಂದು ದೂರದಿಂದ ಕಂಡರೆ ಹೇಳಿ. ನಂಬರ್ ಓದಲು ಹತ್ತಿರ ಹೋಗಬೇಡಿ.

ಫೋಟೋ ಸಿಕ್ಕಿದ್ದರೆ ಇಲಾಖೆಗೆ ಕಳಿಸಿ. ಜಾಗದ ಹೆಸರಿನ ಜೊತೆ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಕರಡಿಯ ಪಿತ್ತಕೋಶಕ್ಕೆ ಕಳ್ಳ ವ್ಯಾಪಾರ ಇದೆ. ನೀವು ಖುಷಿಗೆ ಹಾಕಿದ ಫೋಟೋ ಬೇಟೆಗಾರರಿಗೆ ದಾರಿ ತೋರಿಸುತ್ತದೆ. ಅದರ ಜೊತೆಗೆ ಮರುದಿನವೇ ಬೈಕ್ ಹತ್ತಿ ನೋಡಲು ಬರುವವರ ಸಾಲು ಬೇರೆ.

ಎದುರಿಗೇ ಸಿಕ್ಕರೆ ಏನು ಮಾಡಬೇಕು?

ನಮ್ಮ ಕರಡಿಗೆ ಮೂಗು ಬಹಳ ಚುರುಕು. ಕಣ್ಣು, ಕಿವಿ ಅಷ್ಟಿಲ್ಲ. ಒರಲೆ ಹುತ್ತ ಅಗೆಯುವಾಗ ಮೂತಿ ಒಳಗೆ ತೂರಿಸಿ, ಜೋರಾಗಿ ಊದಿ, ಎಳೆದು ತಿನ್ನುತ್ತದೆ. ಆ ಸದ್ದಿನಲ್ಲಿ ನೀವು ಹತ್ತಿರ ಬಂದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ತಲೆ ಎತ್ತಿದಾಗ ನೀವು ಅಲ್ಲೇ ಇರುತ್ತೀರಿ. ಹೆದರಿದ ಕರಡಿ ಓಡುವ ಬದಲು ಮೇಲೆ ಬೀಳುತ್ತದೆ. ಹೆಚ್ಚಿನ ದಾಳಿಗಳು ಹೀಗೇ ಆಗುತ್ತವೆ. ತಿನ್ನಲು ಮನುಷ್ಯನನ್ನು ಹುಡುಕಿಕೊಂಡು ಬರುವ ಪ್ರಾಣಿ ಅಲ್ಲ ಅದು. ಹುಲಿ ಚಿರತೆ ಇರುವ ಕಾಡಿನಲ್ಲಿ ಎದುರು ನಿಂತೇ ಬದುಕಬೇಕಾದ ಜೀವ.

ಆದ್ದರಿಂದ ಮೊದಲ ರಕ್ಷಣೆ ಸದ್ದು. ಉಪ್ಪಾಗೆ, ಮುರುಗಲು, ಜೇನು, ದರಕು ಎಂದು ಬೆಟ್ಟಕ್ಕೆ ಹೋಗುವಾಗ ಒಬ್ಬರೇ ಹೋಗಬೇಡಿ. ಮಾತಾಡುತ್ತ, ಕೋಲಿನಿಂದ ಪೊದೆ ಬಡಿಯುತ್ತ ಹೋಗಿ. ಇಯರ್‌ಫೋನ್ ಹಾಕಿಕೊಂಡು ಹೋಗುವುದಂತೂ ಬೇಡವೇ ಬೇಡ. ಬೆಳಗಿನ ಜಾವ, ಮುಸ್ಸಂಜೆ, ರಾತ್ರಿ ಅವು ತಿರುಗುವ ಹೊತ್ತು. ಹಗಲಲ್ಲಿ ಕಲ್ಲುಬಂಡೆಯ ಸಂದಿ, ಗುಹೆ, ದಟ್ಟ ಪೊದೆಯಲ್ಲಿ ಮಲಗಿರುತ್ತವೆ. ಹಲಸು, ನೇರಳೆ ಹಣ್ಣಾಗಿ ಬಿದ್ದ ಜಾಗ, ಹೊಸದಾಗಿ ಅಗೆದ ಹುತ್ತ ಕಂಡರೆ ನಿಂತು ಸುತ್ತ ನೋಡಿ. ಬೆನ್ನ ಮೇಲೆ ಮರಿ ಹೊತ್ತ ತಾಯಿ ಕಂಡರೆ ಆ ದಾರಿ ಬಿಟ್ಟುಬಿಡಿ.

ಕರಡಿ ನಿಮ್ಮನ್ನು ನೋಡಿಲ್ಲ ಎಂದರೆ ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ನೋಡಿದೆ ಎಂದರೆ ಮುಖ ಅದರ ಕಡೆಗೇ ಇರಲಿ, ನಿಧಾನ ಹಿಂದೆ ಹೆಜ್ಜೆ ಹಾಕಿ. ಓಡಬೇಡಿ. ಅದು ಮನುಷ್ಯನಿಗಿಂತ ಜೋರಾಗಿ ಓಡುತ್ತದೆ. ಅದು ಓಡಿಹೋಗಲು ದಾರಿ ಬಿಡಿ, ಸುತ್ತುವರಿಯಬೇಡಿ. ಮೈಮೇಲೆ ಬಿದ್ದೇಬಿಟ್ಟಿತು ಎಂದರೆ ಬೋರಲಾಗಿ ನೆಲಕ್ಕೆ ಮಲಗಿ. ಎರಡೂ ಕೈ ಕತ್ತಿನ ಹಿಂದೆ ಹೆಣೆದು, ಮೊಣಕೈಗಳಿಂದ ಮುಖದ ಪಕ್ಕ ಮುಚ್ಚಿ. ಕರಡಿ ಉಗುರು ಹಾಕುವುದು ಮುಖಕ್ಕೆ, ತಲೆಗೆ. ಕಣ್ಣು ಉಳಿಯುವುದು, ಹೋಗುವುದು ಆ ಕೆಲವು ಕ್ಷಣದಲ್ಲಿ ತೀರ್ಮಾನವಾಗುತ್ತದೆ. ಅದು ದೂರ ಹೋಗುವ ತನಕ ಏಳಬೇಡಿ.

ಮರ ಹತ್ತಿದರೆ ಆಗುವುದಿಲ್ಲವಾ?

ಇಲ್ಲ. ಜೇನಿಗಾಗಿ ನಿಮಗಿಂತ ಚೆನ್ನಾಗಿ ಮರ ಹತ್ತುತ್ತದೆ.

ಅಮೆರಿಕದ ವಿಡಿಯೋಗಳಲ್ಲಿ "ಕೈ ಎತ್ತಿ ಕೂಗಿ, ತಿರುಗಿ ಹೊಡೆಯಿರಿ" ಎನ್ನುತ್ತಾರಲ್ಲ?

ಅದು ಅಲ್ಲಿಯ ಕಪ್ಪು ಕರಡಿಗೆ ಹೇಳುವ ಮಾತು. ಅದು ಬೇರೆ ಜಾತಿ, ಸ್ವಭಾವವೂ ಬೇರೆ. ಅಲ್ಲಿಯದೇ ಕಂದು ಕರಡಿಗೆ ಆ ಉಪಾಯ ಹೇಳುವುದಿಲ್ಲ. ಅಲ್ಲಿ ಎರಡು ಜಾತಿಗೇ ಎರಡು ಬಗೆಯ ಎಚ್ಚರ ಇರುವಾಗ, ಅದನ್ನು ತಂದು ಜೋಯಿಡಾದ ಕರಡಿಗೆ ಪ್ರಯೋಗ ಮಾಡಬೇಡಿ.

ಮಗ, ಮಗಳು ಅಲ್ಲಿರುವ ಮನೆಯವರು ಇನ್ನೊಂದನ್ನೂ ಕೇಳುತ್ತಾರೆ: ಅಲ್ಲಿ ಕಿವಿಗೆ ಟ್ಯಾಗ್ ಇರುವ ಕರಡಿಯನ್ನೂ ಹೊಡೆಯುತ್ತಾರಂತೆ, ಹೌದಾ? ಅಲ್ಲಿ ಕರಡಿ ಬೇಟೆಯನ್ನು ಆಯಾ ರಾಜ್ಯವೇ ನಿರ್ಧರಿಸುತ್ತದೆ. ಕೆಲವು ರಾಜ್ಯಗಳಲ್ಲಿ ಲೈಸೆನ್ಸ್ ಪಡೆದು, ಗೊತ್ತುಮಾಡಿದ ತಿಂಗಳುಗಳಲ್ಲಿ ಕಪ್ಪು ಕರಡಿ ಬೇಟೆಗೆ ಅವಕಾಶ ಇದೆ. ಕೆಲವು ಕಡೆ ಇಲ್ಲ. ಟ್ಯಾಗ್ ಇದ್ದ ಪ್ರಾಣಿಯನ್ನು ಹೊಡೆದರೆ ಅಲ್ಲಿಯ ವನ್ಯಜೀವಿ ಇಲಾಖೆಗೆ ತಿಳಿಸಬೇಕು ಎನ್ನುತ್ತಾರೆ, ಅರಿವಳಿಕೆ ಮದ್ದು ಮಾಂಸದಲ್ಲಿ ಉಳಿದಿರಬಹುದು ಎಂದು ಎಚ್ಚರಿಸುತ್ತಾರೆ. ಅದೆಲ್ಲ ಅಲ್ಲಿಯ ಮಾತು. ನಮ್ಮಲ್ಲಿ ಕರಡಿಯನ್ನು ಹೊಡೆಯುವ ಋತುವೂ ಇಲ್ಲ, ಲೈಸೆನ್ಸೂ ಇಲ್ಲ.

ನಮ್ಮ ಅಪ್ಪ, ಅಜ್ಜ ಶಿಕಾರಿ ಮಾಡುತ್ತಿದ್ದರು. ಈಗ ಯಾವ ಪ್ರಾಣಿಗೂ ಲೈಸೆನ್ಸ್ ಇಲ್ಲವಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಕೊಡುವ ಕಲಮುಗಳು ಇದ್ದವು. 1991ರ ತಿದ್ದುಪಡಿಯಲ್ಲಿ ಅವನ್ನು ಕಿತ್ತುಹಾಕಿದರು. 2022ರಲ್ಲಿ ಮತ್ತೆ ತಿದ್ದುಪಡಿ ಆಗಿ ಪ್ರಾಣಿಗಳ ಪಟ್ಟಿಗಳನ್ನು ಹೊಸದಾಗಿ ಜೋಡಿಸಿದರು, 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಕರಡಿ ಹೆಚ್ಚಿನ ರಕ್ಷಣೆ ಇರುವ ಮೊದಲನೇ ಪಟ್ಟಿಯಲ್ಲಿದೆ, ಹುಲಿ, ಆನೆ, ಕಾಡುಕೋಣ, ಚಿಪ್ಪುಹಂದಿ, ನವಿಲಿನ ಜೊತೆಗೆ. ಶಿಕ್ಷೆ ಕಡಿಮೆ ಎಂದರೂ 3 ವರ್ಷ ಜೈಲು, ಹೆಚ್ಚೆಂದರೆ 7 ವರ್ಷ. ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಹುಲಿ ಮೀಸಲು ಪ್ರದೇಶದೊಳಗೆ ಬೇಟೆಯಾಡಿದರೆ ದಂಡವೇ 50,000ದಿಂದ 2 ಲಕ್ಷ ರೂಪಾಯಿ. ಕೋವಿ, ಬೈಕ್, ಜೀಪು ಎಲ್ಲ ಜಪ್ತಿ. ಜಾಮೀನೂ ಸುಲಭದಲ್ಲಿ ಸಿಗುವುದಿಲ್ಲ.

ನಾನು ಕೊಲ್ಲಲಿಲ್ಲ, ಉರುಳು ಇಟ್ಟಿದ್ದೆ ಅಷ್ಟೆ. ಅದೂ ಬೇಟೆಯಾ?

ಹೌದು. ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರ ಅಲ್ಲ. ಹಿಡಿಯುವುದು, ಉರುಳು ಹಾಕುವುದು, ಬೋನಿಗೆ ಬೀಳಿಸುವುದು, ವಿಷವಿಡುವುದು, ಸೋವಿ ಅಟ್ಟುವುದು (ಗದ್ದಲ ಮಾಡಿ ಪ್ರಾಣಿಯನ್ನು ಓಡಿಸುವುದು), ಆಮಿಷ ಒಡ್ಡುವುದು, ಗಾಯ ಮಾಡುವುದು, ಹಾಗೆ ಮಾಡಲು ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಲೈಸೆನ್ಸ್ ಬೇಡದ ಏರ್‌ಗನ್ನಿನಲ್ಲಿ ಹೊಡೆದರೂ ಬೇಟೆಯೇ.

ಉರುಳಿನ ವಿಷಯದಲ್ಲಿ ನನಗೆ ತಡೆಯಲಾಗದಷ್ಟು ಬೇಸರ ಇದೆ. ಹಂದಿಗೆಂದು ಬೈಕಿನ ಕ್ಲಚ್ ವೈರಿನಲ್ಲಿ ಮಾಡಿದ ಉರುಳು ಯಾವ ಪ್ರಾಣಿ ಬಂತೆಂದು ನೋಡುವುದಿಲ್ಲ. ಕರಡಿ ಸಿಕ್ಕಿಕೊಂಡರೆ ಎಳೆದಾಡಿ ಸೊಂಟ ಕತ್ತರಿಸಿಕೊಳ್ಳುತ್ತದೆ. ಬಿಡಿಸಿಕೊಂಡರೂ ಆ ಗಾಯ ಹೊತ್ತು ನರಳುತ್ತ ತಿರುಗುತ್ತದೆ. ಅಂಥ ಕರಡಿ ಮರುದಿನ ದಾರಿಯಲ್ಲಿ ಸಿಕ್ಕವರ ಮೇಲೆ ಬಿದ್ದರೆ ತಪ್ಪು ಯಾರದ್ದು? ಹಿಟ್ಟಿನ ಉಂಡೆಯಲ್ಲಿಡುವ ಸಿಡಿಮದ್ದು ಇನ್ನೂ ಘೋರ. ಅದನ್ನು ಕಚ್ಚಿದ ಊರ ದನಗಳ ದವಡೆಯೇ ಹಾರಿಹೋಗುತ್ತದೆ.

ಹೆಸ್ಕಾಂ ಲೈನಿನಿಂದ ನೇರ ಕರೆಂಟ್ ಎಳೆದು ಬೇಲಿಗೆ ಕೊಡುವುದೂ ಇದೇ ಸಾಲಿಗೆ ಸೇರುತ್ತದೆ. ಸೋಲಾರ್ ಬೇಲಿ ಬೇರೆ. ಅದು ತುಸು ಹೊತ್ತಿಗೊಮ್ಮೆ ಸಣ್ಣ ಹೊಡೆತ ಕೊಟ್ಟು ಹೆದರಿಸುತ್ತದೆ, ಕೊಲ್ಲುವುದಿಲ್ಲ.

ಕರಡಿ ನನ್ನ ಮೇಲೇ ಬಂದಾಗ ಜೀವ ಉಳಿಸಿಕೊಳ್ಳಲು ಗುಂಡು ಹೊಡೆದರೆ?

ಕಾಯ್ದೆಯ 11ನೇ ಕಲಮಿನ 2ನೇ ಉಪಕಲಮು ಇದಕ್ಕೇ ಇದೆ. ತನ್ನ ಅಥವಾ ಇನ್ನೊಬ್ಬರ ಜೀವ ಕಾಪಾಡಲು ಪ್ರಾಮಾಣಿಕವಾಗಿ ಪ್ರಾಣಿಯನ್ನು ಕೊಂದರೆ ಅಥವಾ ಗಾಯ ಮಾಡಿದರೆ ಅಪರಾಧವಲ್ಲ. ಆದರೆ ಅದರ ಕೆಳಗೇ ಒಂದು ಷರತ್ತು ಇದೆ. ಆ ಹೊತ್ತಿನಲ್ಲಿ ನೀವೇ ಕಾಯ್ದೆ ಮುರಿಯುವ ಕೆಲಸದಲ್ಲಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಅಂದರೆ ರಾತ್ರಿ ಶಿಕಾರಿಗೆ ಕಾಡಿಗೆ ಹೋಗಿ, ಅಲ್ಲಿ ಕರಡಿ ಮೇಲೆ ಬಿತ್ತು ಎಂದು ಹೇಳಿದರೆ ನಡೆಯುವುದಿಲ್ಲ.

ಹೀಗೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಅದನ್ನು ಮುಟ್ಟದೆ, ಜಾಗ ಕದಡದೆ, ತಕ್ಷಣ ತಿಳಿಸಿ. ಹೂತುಹಾಕಿ ಸುಮ್ಮನಿದ್ದರೆ ಆತ್ಮರಕ್ಷಣೆ ಎಂದು ಆಮೇಲೆ ಹೇಳಿದರೂ ಯಾರೂ ನಂಬುವುದಿಲ್ಲ. ಒಂದು ಮಾತು ಮನಸ್ಸಿನಲ್ಲಿರಲಿ. ಕೇಪಿನ ಕೋವಿಯ ಒಂದು ಈಡಿಗೆ ನುಗ್ಗಿ ಬರುವ ಕರಡಿ ನಿಲ್ಲುತ್ತದೆ ಎಂಬ ಖಾತ್ರಿ ಇಲ್ಲ. ಗಾಯಗೊಂಡ ಕರಡಿ ಇನ್ನೂ ಅಪಾಯ.

ಕರಡಿ ತೋಟಕ್ಕೆ ಪದೇ ಪದೇ ಬರುತ್ತದೆ. ಊರವರೇ ಸೇರಿ ಹೊಡೆಯಬಹುದಾ?

ಆಗುವುದಿಲ್ಲ. ಮೊದಲನೇ ಪಟ್ಟಿಯ ಪ್ರಾಣಿ ಬೆಳೆ ಹಾಳು ಮಾಡಿತು ಎಂಬುದು ಕೊಲ್ಲಲು ಕಾರಣವೇ ಅಲ್ಲ. ಮನುಷ್ಯರ ಜೀವಕ್ಕೆ ಅಪಾಯ, ಅಥವಾ ವಾಸಿಯಾಗದ ರೋಗ, ಊನ ಇದ್ದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಆದೇಶ ಕೊಡಬಹುದು. ಅದೂ ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆಗೆ ಬಿಡಲು ಆಗುವುದೇ ಇಲ್ಲ ಎಂದು ಖಚಿತವಾದ ಮೇಲೆ. ಗ್ರಾಮ ಪಂಚಾಯಿತಿ, ಪೊಲೀಸ್, ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಓ) ಯಾರೂ ಬಾಯಿಮಾತಿನಲ್ಲಿ ಅನುಮತಿ ಕೊಡುವಂತಿಲ್ಲ.

ಅದು ಯಾಕೆ ಬರುತ್ತಿದೆ ನೋಡಿ. ಕೊಳೆತ ಹಲಸಿನ ಹಣ್ಣು, ಜೇನುಪೆಟ್ಟಿಗೆ, ಅಂಗಳದ ಅಂಚಿನ ಹುತ್ತ, ಮನೆ ಹಿಂದೆ ಸುರಿದ ಮುಸುರೆ, ಹೆಚ್ಚಾಗಿ ಇವುಗಳಲ್ಲಿ ಒಂದಿರುತ್ತದೆ.

ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಕೋವಿ ನನ್ನ ಹತ್ತಿರ ಇದೆ. ಅದರಿಂದ ಏನೇನು ಮಾಡಬಹುದು?

ಇಲ್ಲೇ ಜಾಸ್ತಿ ಜನ ಎಡವುವುದು. ಕೋವಿ ಇಟ್ಟುಕೊಳ್ಳುವ ಅನುಮತಿ 1959ರ ಶಸ್ತ್ರಾಸ್ತ್ರ ಕಾಯ್ದೆಯಿಂದ ಬರುತ್ತದೆ, ಅದನ್ನು ಕೊಡುವವರು ಜಿಲ್ಲಾಧಿಕಾರಿ. ಪ್ರಾಣಿಯನ್ನು ಹೊಡೆಯುವ ಅನುಮತಿ ವನ್ಯಜೀವಿ ಕಾಯ್ದೆಯಿಂದ ಬರಬೇಕು. ಒಂದು ಇದ್ದರೆ ಇನ್ನೊಂದು ತಾನಾಗಿ ಬರುವುದಿಲ್ಲ. ಬೆಳೆ ರಕ್ಷಣೆ ಎಂದು ಲೈಸೆನ್ಸಿನಲ್ಲಿ ಬರೆದಿದೆ ಎಂದು ಕಡವೆ, ಜಿಂಕೆ, ಮೊಲ ಹೊಡೆಯುವಂತಿಲ್ಲ. ನಿಮ್ಮ ಗದ್ದೆ, ತೋಟದಲ್ಲಿ ಆಕಾಶಕ್ಕೆ ಈಡು ಹಾರಿಸಿ ಹೆದರಿಸುವುದಕ್ಕೆ ಅದು ಉಪಯೋಗ. ಲೈಸೆನ್ಸಿನ ಷರತ್ತು ಮೀರಿ, ಅದರಲ್ಲಿ ಬರೆದ ಜಾಗದ ಆಚೆ ಕೋವಿ ಹಿಡಿದು ತಿರುಗಿದರೆ ಅದೇ ಬೇರೆ ಕೇಸು.

ಲೈಸೆನ್ಸ್ ಇರುವವರ ಹೆಸರಿಗೆ ಮಾತ್ರ. ಮಗ, ಆಳು, ನೆಂಟರು ಹಿಡಿದು ಹೋಗುವಂತಿಲ್ಲ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಕೋವಿಯನ್ನು ಅಟ್ಟದ ಮೇಲೆ ಇಟ್ಟು ಮರೆಯುವಂತಿಲ್ಲ. ಠಾಣೆಗೆ ತಿಳಿಸಿ ಜಮಾ ಮಾಡಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 5 ವರ್ಷ. ತಾರೀಖು ದಾಟಲು ಬಿಡಬೇಡಿ, ಮುಗಿದ ದಿನದಿಂದ ಅದು ಲೈಸೆನ್ಸ್ ಇಲ್ಲದ ಕೋವಿ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಭೂಮಿ ಇರುವವರಿಗೆ ಇರುವ ವಿನಾಯಿತಿ ನಮ್ಮ ಜಿಲ್ಲೆಗೆ ಇಲ್ಲ.

ಚುನಾವಣೆ ಬಂದಾಗ ಕೋವಿ ಜಮಾ ಮಾಡಲು ಹೇಳುತ್ತಾರೆ. ಫಸಲಿನ ಹೊತ್ತಿಗೆ ಬಂದರೆ ರೈತರಿಗೆ ಕಷ್ಟವೇ, ಆ ಸಿಟ್ಟು ನ್ಯಾಯವಾದದ್ದು. ವಿನಾಯಿತಿ ಕೇಳಲು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಇರುತ್ತದೆ. ಪಹಣಿ ಪ್ರತಿ ಇಟ್ಟು, ಯಾಕೆ ಬೇಕು ಎಂದು ಬರೆದು ಅರ್ಜಿ ಕೊಡಿ.

ನಮ್ಮ ಮನೆ ಕಾಳಿ ಹುಲಿ ಮೀಸಲು ಪ್ರದೇಶದ ಹತ್ತಿರ. ನಿಯಮ ಬೇರೆ ಇದೆಯಾ?

ಇದೆ. ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವವರ ಹತ್ತಿರ ಲೈಸೆನ್ಸ್ ಕೋವಿ ಇದ್ದರೆ, ವನ್ಯಜೀವಿ ಕಾಯ್ದೆಯ 34ನೇ ಕಲಮಿನಂತೆ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಅಭಯಾರಣ್ಯದೊಳಗೆ ಬರಹದ ಅನುಮತಿ ಇಲ್ಲದೆ ಆಯುಧ ಒಯ್ಯುವಂತೆಯೇ ಇಲ್ಲ. ಕೋವಿ ಇಟ್ಟುಕೊಂಡು ಒಳದಾರಿಯಲ್ಲಿ ನೆಂಟರ ಮನೆಗೆ ಹೋಗುತ್ತಿದ್ದೆ ಎಂದರೂ ಬಿಡುವುದಿಲ್ಲ.

ಕಾಡುಹಂದಿಯನ್ನಾದರೂ ಹೊಡೆಯಬಹುದಲ್ಲ?

ನಿಮ್ಮಷ್ಟಕ್ಕೆ ಆಗುವುದಿಲ್ಲ. ಹಂದಿ ಎರಡನೇ ಪಟ್ಟಿಯಲ್ಲಿದೆ. ಬೆಳೆಗೆ ಹಾನಿ ಮಾಡುವ ಎರಡನೇ ಪಟ್ಟಿಯ ಪ್ರಾಣಿಯನ್ನು ಕೊಲ್ಲಲು ಅಧಿಕಾರ ಪಡೆದ ಅಧಿಕಾರಿ ಬರಹದಲ್ಲಿ ಅನುಮತಿ ಕೊಡಬಹುದು. ಮೊದಲು ಹಾನಿಯ ಫೋಟೋ ಸಮೇತ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ, ಅನುಮತಿ ಬಂದರೆ ಅದರ ಷರತ್ತಿನಂತೆ ನಡೆಯಿರಿ. ಅನುಮತಿ ಪಡೆದು ಹೊಡೆದ ಹಂದಿಯೂ ಸರ್ಕಾರದ್ದೇ. ಮಾಂಸ ಪಾಲು ಹಾಕುವಂತಿಲ್ಲ.

ಸೊಪ್ಪಿನಬೆಟ್ಟ ನಮ್ಮದು. ಅರಣ್ಯ ಹಕ್ಕಿನ ಪಟ್ಟಾ ಕೂಡ ಇದೆ. ಅಲ್ಲಿ?

ಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ದರಕು, ಸೌದೆಯಂಥ ಸವಲತ್ತು. ಪ್ರಾಣಿಯ ಮೇಲೆ ಹಕ್ಕಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯೂ ಸಾಂಪ್ರದಾಯಿಕ ಹಕ್ಕುಗಳನ್ನು ಒಪ್ಪುವಾಗ ಬೇಟೆಯ ಹಕ್ಕನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಹಬ್ಬದ ಬೇಟೆ ಎಂದರೂ ಅಷ್ಟೆ.

ಕಾಡಿನಲ್ಲಿ ಬಿದ್ದ ಕಾಲರ್ ಸಿಕ್ಕಿದೆ. ಸತ್ತ ಕರಡಿ, ತಬ್ಬಲಿ ಮರಿ ಸಿಕ್ಕರೆ?

ಕಾಲರನ್ನು ಇದ್ದಲ್ಲೇ ಬಿಟ್ಟು ಫೋನ್ ಮಾಡುವುದು ಒಳ್ಳೆಯದು. ಅದು ಜಾರಿ ಬಿದ್ದದ್ದೋ, ಕತ್ತರಿಸಿದ್ದೋ ಎಂದು ಆ ಜಾಗ ನೋಡಿದರೆ ತಿಳಿಯುತ್ತದೆ. ಮನೆಗೆ ತಂದಿದ್ದರೆ ಕೂಡಲೇ ಕೊಟ್ಟುಬಿಡಿ. ಅದು ಇನ್ನೂ ಸಂಕೇತ ಕಳಿಸುತ್ತಿರಬಹುದು.

ಸತ್ತ ಕಾಡುಪ್ರಾಣಿಯೂ ಅದರ ಕೂದಲು, ಉಗುರೂ ಸರ್ಕಾರದ ಸ್ವತ್ತು. ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆ ಅಥವಾ ಅರಣ್ಯ ಕಚೇರಿಗೆ ತಿಳಿಸಬೇಕು. ಮಕ್ಕಳ ದೃಷ್ಟಿಗೆಂದು ಕಟ್ಟುವ ಕರಡಿ ಕೂದಲಿನ ತಾಯತಕ್ಕೂ ಇದೇ ಕಾನೂನು. ಸಂತೆಯಲ್ಲಿ ಕೊಳ್ಳಬೇಡಿ. ಮರಿ ಕಂಡರೆ ಎತ್ತಿಕೊಳ್ಳಬೇಡಿ, ತಾಯಿ ಅಲ್ಲೇ ಹತ್ತಿರ ಇರುತ್ತದೆ.

ಕರಡಿ ಗಾಯ ಮಾಡಿದರೆ ಮೊದಲು ಏನು?

ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ. ಘಟ್ಟದ ಕೆಳಗೆ ಕಾರವಾರದ ಜಿಲ್ಲಾ ಆಸ್ಪತ್ರೆ, ಮೇಲೆ ನಿಮ್ಮ ತಾಲೂಕು ಆಸ್ಪತ್ರೆ ಅಥವಾ ಶಿರಸಿ. ನೆತ್ತಿ ಕಿತ್ತುಬಂದಿದ್ದರೆ, ಕಣ್ಣಿಗೆ ಪೆಟ್ಟಾಗಿದ್ದರೆ ಹುಬ್ಬಳ್ಳಿ, ಮಣಿಪಾಲಕ್ಕೆ ಕಳಿಸುವುದು ಹೆಚ್ಚು. ಸಣ್ಣ ಗಾಯವಾದರೆ ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸೊಪ್ಪಿನ ರಸ, ಅರಿಶಿನ ತುಂಬಬೇಡಿ. ಗಾಯ ಎಷ್ಟೇ ಚಿಕ್ಕದಿರಲಿ, ರೇಬೀಸ್ ಮತ್ತು ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಗಾಯಾಳುವನ್ನು ಕಳಿಸಿದ ಮೇಲೆ ಮನೆಯ ಒಬ್ಬರು ಅರಣ್ಯ ಕಚೇರಿಗೆ ತಿಳಿಸಲಿ. ಪರಿಹಾರಕ್ಕೆ ಸ್ಥಳ ಪರಿಶೀಲನೆ, ವೈದ್ಯರ ಪ್ರಮಾಣಪತ್ರ, ಬಿಲ್ಲು ಬೇಕು. ತಡಮಾಡಿದರೆ ಹೆಜ್ಜೆ ಗುರುತು ಮಳೆಗೆ ಅಳಿದುಹೋಗುತ್ತದೆ, ಪ್ರಾಣಿ ಯಾವುದು ಎಂಬುದೇ ತಕರಾರಾಗುತ್ತದೆ.

ಪಕ್ಕದ ಮನೆಯವರೇ ಬೇಟೆಗೆ ಹೋಗುತ್ತಾರೆ. ದೂರು ಕೊಟ್ಟರೆ ಊರಲ್ಲಿ ಬದುಕುವುದು ಹೇಗೆ?

ಕಷ್ಟದ ಪ್ರಶ್ನೆ. ಅವರ ಮನೆಯ ಮದುವೆಗೆ ಹೋಗಬೇಕು, ಅವರ ತೋಟದ ಕಾಲುವೆ ನಮ್ಮ ತೋಟಕ್ಕೂ ಬರುತ್ತದೆ. ಮಾತಾಡುವ ಸಲಿಗೆ ಇದ್ದರೆ ಮೊದಲು ಮನೆಯ ಹಿರಿಯರ ಹತ್ತಿರ ಹೇಳಿ ನೋಡಿ. ಮಗನ ಕೆಲಸ, ಪಾಸ್‌ಪೋರ್ಟ್, 3 ವರ್ಷ ಜೈಲು ಎಂಬ ಮಾತು ಅಲ್ಲಿ ನಾಟುತ್ತದೆ. ನಿಲ್ಲದಿದ್ದರೆ, ಅಥವಾ ಹಣಕ್ಕಾಗಿ ಹೊರಗಿನವರ ಜೊತೆ ಸೇರಿ ಮಾಡುತ್ತಿದ್ದರೆ, 1926ಕ್ಕೆ ತಿಳಿಸಿ, ನಿಮ್ಮ ಹೆಸರು ಹೊರಗೆ ಬರಬಾರದು ಎಂದು ಮೊದಲೇ ಹೇಳಿ. ರಾತ್ರಿ ಈಡಿನ ಸದ್ದು ಕೇಳಿದ ಹೊತ್ತು, ದಿಕ್ಕು ಹೇಳಿದರೂ ಗಸ್ತಿನವರಿಗೆ ಅದು ದೊಡ್ಡ ಸುಳಿವು. ಉರುಳು ಕಂಡರೆ ಫೋಟೋ ತೆಗೆದು ಜಾಗ ತಿಳಿಸಿ. ನೀವೇ ಕೀಳಲು ಹೋಗಬೇಡಿ, ಇಟ್ಟವನು ಹತ್ತಿರದಲ್ಲೇ ಇರಬಹುದು.